ಒಂದೇ ಊರು, ಹನ್ನೆರಡು ದಿನ

“ಮೇಷ್ಟ್ರೇ, ಫಾರಿನ್ನಿಗೆ ಹೋಗಿ ಬಂದಿರಂತೆ. ಎಷ್ಟು ದೇಶ ನೋಡಿದಿರಿ?”

2024ರ ದಸರಾ ರಜೆ ಮುಗಿಸಿ ಶಾಲೆಗೆ ಹಿಂದಿರುಗಿದ ದಿನದಿಂದ ಈ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿದೆ. “ಒಂದೇ ಊರು ಸ್ವಾಮಿ, ಲಂಡನ್” ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅಷ್ಟು ದುಡ್ಡಿಗೆ ಏಳು ದೇಶ ತೋರಿಸುವವರಿದ್ದಾರೆ, ಪ್ಯಾರಿಸ್ಸಿನ ಗೋಪುರವನ್ನೂ ಸ್ವಿಟ್ಜರ್ಲೆಂಡಿನ ಹಿಮವನ್ನೂ ಮುಟ್ಟಿಸಿ ತರುತ್ತಾರೆ, ಈ ಮೇಷ್ಟ್ರು ಹನ್ನೆರಡು ದಿನ ಒಂದೇ ಊರಿನಲ್ಲಿ ಏನು ಮಾಡಿದರು ಎಂಬ ಅನುಮಾನ ಅವರ ಕಣ್ಣಲ್ಲಿ ಕಾಣುತ್ತದೆ. ಅವರಿಗೆಲ್ಲ ಒಟ್ಟಾಗಿ ಉತ್ತರ ಹೇಳಿಬಿಡೋಣವೆಂದು ಈ ಲೇಖನ. ಹೋಗುವ ಮನಸ್ಸಿದ್ದವರಿಗೆ ಒಂದಿಷ್ಟು ಉಪಯೋಗವೂ ಆದೀತು.

ಮೊದಲೇ ಹೇಳಿಬಿಡುತ್ತೇನೆ. ಈ ಪ್ರವಾಸದ ಯೋಜನೆ ನನ್ನೊಬ್ಬನದಲ್ಲ. ತಿಪಟೂರಿನ ಹತ್ತಿರದ ನಮ್ಮ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರಾದರೆ ಇನ್ನೊಬ್ಬರು ಗಣಿತದ ಮೇಷ್ಟ್ರು. ಇಬ್ಬರೂ ಕೂಡಿ 2019ರಲ್ಲಿ ಹಾಕಿದ ಯೋಜನೆ ಅದು. ನಾನು ಇಪ್ಪತ್ತೈದು ವರ್ಷಗಳಿಂದ ಗ್ರೀನಿಚ್ ರೇಖೆಯನ್ನೂ ಫ್ಯಾರಡೆಯ ಪ್ರಯೋಗವನ್ನೂ ಕಪ್ಪು ಹಲಗೆಯ ಮೇಲೆ ಬರೆಯುತ್ತಾ ಬಂದವನು. ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಆಸೆ. ಅವರಿಗೆ ಲಂಡನ್ನಿನ ಸುರಂಗ ರೈಲಿನ ನಕ್ಷೆಯ ಹುಚ್ಚು. ವಿರಾಮದ ಪೀರಿಯಡ್‌ನಲ್ಲಿ ಅದನ್ನು ಪೆನ್ಸಿಲ್ಲಿನಲ್ಲಿ ಹಾಳೆಯ ಮೇಲೆ ನಕಲು ಮಾಡಿ, “ನೋಡಿ ಸಾರ್, ಎಲ್ಲ ಗೆರೆಗಳೂ ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ. ಇದು ನಕ್ಷೆಯಲ್ಲ, ರೇಖಾಗಣಿತ” ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಇಬ್ಬರೂ ಮನೆಯವರನ್ನು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಅವರು ತೀರಿಕೊಂಡರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

ಆ ಪೆನ್ಸಿಲ್ ನಕ್ಷೆ ನನ್ನ ಭೌತಶಾಸ್ತ್ರದ ಪುಸ್ತಕದೊಳಗೇ ಉಳಿದಿತ್ತು. ಮೂರು ವರ್ಷ ಅದನ್ನು ಬಿಡಿಸಿ ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ನನ್ನ ಹೆಂಡತಿಯೇ, “ರೀ, ನಿವೃತ್ತಿ ಆಗ್ಲಿ ಅಂತ ಕಾಯೋದು ಬೇಡ. ನನ್ನ ಮಂಡಿ ಇನ್ನೂ ಮಾತು ಕೇಳ್ತಿರುವಾಗಲೇ ಹೋಗಿಬರೋಣ” ಎಂದಳು. ಜಿಪಿಎಫ್‌ನಿಂದ ಒಂದಿಷ್ಟು ಹಣ ತೆಗೆದೆ.

ಕಾಗದ ಪತ್ರಗಳ ಕಾಲ

ಪ್ರವಾಸದಲ್ಲಿ ಎರಡು ಭಾಗಗಳಿವೆ. ಒಂದು ಬಿಗಿಯಾಗಿರಬೇಕಾದದ್ದು, ಇನ್ನೊಂದು ಸಡಿಲವಾಗಿರಬೇಕಾದದ್ದು. ನಮ್ಮವರು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತಾರೆ. ಕಾಗದ ಪತ್ರಗಳನ್ನು ಕೊನೆಯ ವಾರಕ್ಕೆ ಬಿಟ್ಟು, ನೋಡುವ ಜಾಗಗಳಿಗೆ ಗಂಟೆ ನಿಮಿಷಗಳ ಪಟ್ಟಿ ಮಾಡುತ್ತಾರೆ.

ಬಿಗಿಯಾಗಿರಬೇಕಾದದ್ದರಲ್ಲಿ ಮೊದಲನೆಯದು ವೀಸಾ. ಬ್ರಿಟನ್ನಿಗೆ ಪ್ರವಾಸಿಗಳಾಗಿ ಹೋಗುವವರಿಗೆ ಸಾಮಾನ್ಯವಾಗಿ ಆರು ತಿಂಗಳ ಸಂದರ್ಶಕ ವೀಸಾ ಕೊಡುತ್ತಾರೆ. ಹೊರಡುವುದಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಅರ್ಜಿಯನ್ನು ಅಂತರ್ಜಾಲದಲ್ಲಿ ತುಂಬಿ, ಬೆಂಗಳೂರಿನ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಭಾವಚಿತ್ರ ಕೊಟ್ಟು ಬರಬೇಕು. ಶುಲ್ಕ, ನಿಯಮಗಳು ಆಗಾಗ ಬದಲಾಗುವುದರಿಂದ ಆ ಸರ್ಕಾರದ ಅಧಿಕೃತ ತಾಣವನ್ನೇ ನೋಡಬೇಕು, ಪಕ್ಕದ ಮನೆಯವರ ಅನುಭವವನ್ನಲ್ಲ. ಅಲ್ಲಿನ ಅಧಿಕಾರಿಗೆ ತಿಳಿಯಬೇಕಾದದ್ದು ಎರಡೇ ಸಂಗತಿ: ನಿಮ್ಮ ಖರ್ಚನ್ನು ನೀವು ಭರಿಸಬಲ್ಲಿರಾ, ಮತ್ತು ವಾಪಸು ಬರುತ್ತೀರಾ? ಇದಕ್ಕೆ ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ವಹಿವಾಟು, ರಜೆ ಮಂಜೂರಾದ ಪತ್ರ ಇವೆಲ್ಲ ಕೊಟ್ಟೆ. ಅರ್ಜಿಯ ಹಿಂದಿನ ವಾರ ಭಾವಮೈದುನನಿಂದ ಸಾಲ ತಂದು ಖಾತೆಗೆ ತುಂಬುವ ಜಾಣತನ ಬೇಡ. ಆ ಹಣ ಎಲ್ಲಿಂದ ಬಂತೆಂದು ಕೇಳಿಯೇ ಕೇಳುತ್ತಾರೆ.

ನಮ್ಮ ತೆಂಗಿನ ತೋಟದ ಪಹಣಿಯನ್ನೂ ಲಗತ್ತಿಸಿದೆ. ಪಹಣಿ ಕನ್ನಡದಲ್ಲಿರುತ್ತದಲ್ಲ! ಇಂಗ್ಲಿಷಿನಲ್ಲಿಲ್ಲದ ದಾಖಲೆಗೆ ದೃಢೀಕೃತ ಅನುವಾದ ಬೇಕು. “ಖುಷ್ಕಿ”, “ಬಾಗಾಯ್ತು” ಎಂಬ ಪದಗಳಿಗೆ ಇಂಗ್ಲಿಷ್ ಹುಡುಕುವಷ್ಟರಲ್ಲಿ ಅನುವಾದಕರಿಗೂ ನನಗೂ ಒಂದು ಮಧ್ಯಾಹ್ನ ಕಳೆಯಿತು. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿಯನ್ನು ಇದೆಲ್ಲಕ್ಕಿಂತ ಮುಂಚೆ ಪಡೆಯಬೇಕು. ಆ ಕಡತ ಮೇಜಿನಿಂದ ಮೇಜಿಗೆ ನಡೆಯುವ ವೇಗ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಎರಡನೆಯದು ಆರೋಗ್ಯ ವಿಮೆ. ಬ್ರಿಟನ್ನಿನ ಆಸ್ಪತ್ರೆಗಳು ಉಚಿತವೆಂದು ನಂಬಿ ಹೋಗಬೇಡಿ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಹಣ ಕೇಳುವುದಿಲ್ಲ. ಆದರೆ ಒಳರೋಗಿಯಾಗಿ ದಾಖಲಾದರೆ ಪ್ರವಾಸಿಗಳು ಹಣ ಕಟ್ಟಬೇಕು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ಇನ್ನು ತಿಂಡಿಯ ವಿಚಾರ. ಚಟ್ನಿಪುಡಿ, ಅವಲಕ್ಕಿಗೆ ಅಡ್ಡಿಯಿಲ್ಲ. ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯುವಂತಿಲ್ಲ. ಆದ್ದರಿಂದ ತುಪ್ಪದ ಡಬ್ಬಿಯೂ ಪೇಢದ ಪೊಟ್ಟಣವೂ ನಮ್ಮ ಮನೆಯಲ್ಲೇ ಉಳಿದವು.

ವಿದ್ಯುತ್ತಿನ ವಿಚಾರವನ್ನು ವಿಜ್ಞಾನದ ಮೇಷ್ಟ್ರು ಹೇಳದಿದ್ದರೆ ಹೇಗೆ? ಅಲ್ಲಿಯೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಸ್. ನಮ್ಮ ಚಾರ್ಜರುಗಳು ಸುಡುವುದಿಲ್ಲ. ಆದರೆ ನಮ್ಮ ಪ್ಲಗ್ಗಿನ ಕಡ್ಡಿಗಳು ದುಂಡಗೆ, ಅಲ್ಲಿಯವು ಚಪ್ಪಟೆ. ಅದಕ್ಕೊಂದು ಅಡಾಪ್ಟರ್ ಇಲ್ಲಿಂದಲೇ ಕೊಂಡು ಹೋದರೆ ಅಗ್ಗ. ಅಲ್ಲಿಯ ಪ್ರತಿ ಪ್ಲಗ್ಗಿನೊಳಗೂ ಒಂದು ಪುಟ್ಟ ಫ್ಯೂಸ್ ಇರುತ್ತದೆ. ನನಗದು ಬಹಳ ಹಿಡಿಸಿತು.

ಬಿಡಾರ ಎಲ್ಲಿ?

ನಮ್ಮ ಖರ್ಚಿನ ಮೂರು ಪಾಲಿನಲ್ಲಿ ಎರಡು ಪಾಲು ವಿಮಾನಕ್ಕೂ ವಸತಿಗೂ ಹೋಯಿತು. ಊರಿನ ನಡುಮಧ್ಯದ ಹೋಟೆಲುಗಳ ದರ ಕೇಳಿ ಎದೆ ಧಸಕ್ಕೆಂದಿತು. ಪೆನ್ಸಿಲ್ ನಕ್ಷೆ ಉಪಯೋಗಕ್ಕೆ ಬಂದದ್ದು ಆಗಲೇ. ಒಂದೇ ರೈಲು ಮಾರ್ಗ ನಮಗೆ ಬೇಕಾದ ಜಾಗಗಳನ್ನೆಲ್ಲ ಹಾದುಹೋಗುವಂತಿದ್ದರೆ, ಆ ಮಾರ್ಗದ ತುದಿಯ ಕಡೆ ಅಗ್ಗದ ಕೋಣೆ ಹಿಡಿಯಬಹುದಲ್ಲವೇ? ಡಿಸ್ಟ್ರಿಕ್ಟ್ ಎಂಬ ಹಸಿರು ಗೆರೆಯ ಮಾರ್ಗ ಅಂಥದು. ಪೂರ್ವದ ಈಸ್ಟ್ ಹ್ಯಾಮಿನಲ್ಲಿ ಹತ್ತಿದರೆ ಲಂಡನ್ ಗೋಪುರ, ಪಾರ್ಲಿಮೆಂಟು, ವಸ್ತುಸಂಗ್ರಹಾಲಯಗಳಿರುವ ಸೌತ್ ಕೆನ್ಸಿಂಗ್ಟನ್ ಎಲ್ಲವೂ ರೈಲು ಬದಲಿಸದೆ ಸಿಗುತ್ತವೆ.

ಈಸ್ಟ್ ಹ್ಯಾಮಿಗೆ ಇನ್ನೊಂದು ಗುಣವಿದೆ. ಅಲ್ಲಿನ ಪೇಟೆಬೀದಿಯಲ್ಲಿ ದೋಸೆ, ಇಡ್ಲಿ, ನುಗ್ಗೆಕಾಯಿ, ಕರಿಬೇವು ಎಲ್ಲ ಸಿಗುತ್ತವೆ. ನಮಗೆ ಕೋಣೆ ಬಾಡಿಗೆಗೆ ಕೊಟ್ಟ ಮನೆಯೊಡತಿ ಶ್ರೀಲಂಕಾದ ತಮಿಳರು. ಯುದ್ಧದ ಕಾಲದಲ್ಲಿ ಮನೆ ಬಿಟ್ಟು ಬಂದವರು. ನವರಾತ್ರಿಯಲ್ಲಿ ಮನೆಯಲ್ಲಿ ದೀಪ ಹಚ್ಚದೆ ಬಂದೆವಲ್ಲ ಎಂದು ನನ್ನ ಹೆಂಡತಿಗೆ ಒಳಗೊಳಗೇ ಕೊರಗಿತ್ತು. ಆಕೆಯ ಹಾಲಿನಲ್ಲಿ ಮೂರು ಮೆಟ್ಟಿಲಿನ ಗೊಂಬೆಗಳನ್ನು ಕಂಡವಳೇ ಚಪ್ಪಲಿ ಬಿಟ್ಟು ಕೈಮುಗಿದಳು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ತಮಿಳು ಅರೆಬರೆ. ಆದರೂ ಹನ್ನೆರಡು ದಿನ ಅಡುಗೆಮನೆಯಲ್ಲಿ ಮಾತಿಗೆ ಬರವಿರಲಿಲ್ಲ.

2021ರ ಜನಗಣತಿಯಲ್ಲಿ ಲಂಡನ್ನಿನ ಜನಸಂಖ್ಯೆ ಸುಮಾರು 88 ಲಕ್ಷ. ಅವರಲ್ಲಿ ನೂರಕ್ಕೆ ನಲವತ್ತು ಮಂದಿ ಬ್ರಿಟನ್ನಿನ ಹೊರಗೆ ಹುಟ್ಟಿದವರು. ಈ ಅಂಕಿಯನ್ನು ಓದಿದ್ದೆ. ಅದರ ಅರ್ಥವಾದದ್ದು ಅಲ್ಲಿ ರೈಲಿನಲ್ಲಿ ಕುಳಿತಾಗ. ವೈಟ್‌ಚಾಪೆಲ್ ನಿಲ್ದಾಣದ ಫಲಕದಲ್ಲಿ ಬಂಗಾಳಿ ಲಿಪಿ. ಪಶ್ಚಿಮದ ಸೌತಾಲ್ ನಿಲ್ದಾಣದಲ್ಲಿ ಪಂಜಾಬಿ. ನನ್ನ ಇಂಗ್ಲಿಷಿನ ಬಗ್ಗೆ ನನಗಿದ್ದ ಅಳುಕು ಎರಡನೆಯ ದಿನಕ್ಕೇ ಹೋಯಿತು. ಅಲ್ಲಿ ಎಲ್ಲರ ಇಂಗ್ಲಿಷೂ ಯಾವುದಾದರೊಂದು ಊರಿನ ವಾಸನೆ ಹೊತ್ತುಕೊಂಡೇ ಇರುತ್ತದೆ. ದಾರಿ ಕೇಳಿದರೆ ಯಾರೂ ಮುಖ ತಿರುಗಿಸಲಿಲ್ಲ. ಕೇಳಿಸಿಕೊಂಡವರಲ್ಲಿ ಅರ್ಧದಷ್ಟು ಜನ ಒಂದು ಕಾಲದಲ್ಲಿ ತಾವೂ ಹಾಗೆ ದಾರಿ ಕೇಳಿದವರೇ ಇದ್ದಾರು.

193 ಮೆಟ್ಟಿಲು

ಲಂಡನ್ನಿನ ಸುರಂಗ ರೈಲು ಜಗತ್ತಿನಲ್ಲೇ ಮೊದಲನೆಯದು. 1863ರ ಜನವರಿಯಲ್ಲಿ ಉಗಿ ಎಂಜಿನ್ನಿನೊಂದಿಗೆ ಓಡಿತು. ಅದರ ಈಗಿನ ನಕ್ಷೆಯ ಮೂಲ ರೂಪವನ್ನು ಹ್ಯಾರಿ ಬೆಕ್ ಎಂಬ ನಕ್ಷೆಗಾರ 1931ರಲ್ಲಿ ಬರೆದ. 1933ರಲ್ಲಿ ಅದು ಜನರ ಕೈಗೆ ಬಂತು. ನೆಲದ ಮೇಲಿನ ದೂರ, ತಿರುವುಗಳನ್ನೆಲ್ಲ ಬಿಟ್ಟು, ವಿದ್ಯುತ್ ಮಂಡಲದ ಚಿತ್ರದಂತೆ ಯಾವುದು ಯಾವುದಕ್ಕೆ ಸೇರಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. “ಸಾರ್, ಇದರಲ್ಲಿ ದೂರಕ್ಕೆ ಬೆಲೆಯಿಲ್ಲ, ಜೋಪಾನ” ಎಂದು ನನ್ನ ಸ್ನೇಹಿತರು ಹೇಳಿದ್ದರು.

ನಾನು ಮರೆತೆ. ಲೆಸ್ಟರ್ ಸ್ಕ್ವೇರಿನಿಂದ ಕಾವೆಂಟ್ ಗಾರ್ಡನ್ನಿಗೆ ಹೋಗಬೇಕಿತ್ತು. ನಕ್ಷೆಯಲ್ಲಿ ಒಂದು ನಿಲ್ದಾಣ. ಜಾಣನಂತೆ ಕೆಳಗಿಳಿದು ರೈಲು ಹತ್ತಿಸಿದೆ. ಕುಳಿತುಕೊಳ್ಳುವಷ್ಟರಲ್ಲಿ ಇಳಿಯುವ ಜಾಗ ಬಂತು. ಲಿಫ್ಟಿನ ಮುಂದೆ ಜನಜಾತ್ರೆ. “ಮೆಟ್ಟಿಲಲ್ಲೇ ಹೋಗೋಣ ಬಾ” ಎಂದೆ. ಸುರುಳಿ ಮೆಟ್ಟಿಲು, ಮುಗಿಯುವ ಲಕ್ಷಣವೇ ಇಲ್ಲ. ಒಟ್ಟು 193! ನೂರರ ಹತ್ತಿರ ಹೆಂಡತಿ ಗೋಡೆಗೆ ಒರಗಿ ನಿಂತು, “ರೀ, ನೀವು ಹುಡುಗರಿಗೆ ಪಾಠ ಹೇಳೋದು ಹೀಗೇನಾ?” ಎಂದಳು. ಮೇಲೆ ಬಂದ ಮೇಲೆ ತಿಳಿಯಿತು, ಎರಡು ನಿಲ್ದಾಣಗಳ ನಡುವಿನ ದೂರ 300 ಮೀಟರೂ ಇಲ್ಲ. ನಡೆದಿದ್ದರೆ ಐದು ನಿಮಿಷ. ವಿದ್ಯುತ್ ಮಂಡಲದ ಚಿತ್ರದಲ್ಲಿ ತಂತಿಯ ಉದ್ದ ನೋಡಬಾರದೆಂದು ಪ್ರತಿ ವರ್ಷ ಹತ್ತನೆಯ ತರಗತಿಗೆ ಹೇಳುವವನು ನಾನೇ.

ಅಂದಿನಿಂದ ನಮ್ಮ ವಾಹನ ಬಸ್ಸು. ಮಹಡಿ ಬಸ್ಸಿನ ಮೇಲಿನ ಮುಂದಿನ ಸೀಟು ಸಿಕ್ಕಿಬಿಟ್ಟರೆ ಅದಕ್ಕಿಂತ ಒಳ್ಳೆಯ ಪ್ರವಾಸಿ ವಾಹನವಿಲ್ಲ. ಮಂಡಿ ನೋವಿದ್ದರೆ ಕೆಳಗೂ ಜಾಗವಿದೆ. ಲಿಫ್ಟಿಲ್ಲದ ಸುರಂಗ ನಿಲ್ದಾಣಗಳು ಇನ್ನೂ ಬಹಳ ಇವೆ. ಮೆಟ್ಟಿಲಿಲ್ಲದ ನಿಲ್ದಾಣಗಳನ್ನು ಗುರುತಿಸಿದ ಬೇರೆಯೇ ನಕ್ಷೆ ಸಿಗುತ್ತದೆ, ಹಿರಿಯರು ಅದನ್ನೇ ಇಟ್ಟುಕೊಳ್ಳಲಿ. ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಆಯ್ಸ್ಟರ್ ಎಂಬ ಕಾರ್ಡನ್ನಾಗಲಿ, ಮುಟ್ಟಿಸಿದರೆ ಹಣ ಕಡಿತವಾಗುವ ಬ್ಯಾಂಕ್ ಕಾರ್ಡನ್ನಾಗಲಿ ಬಳಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಬೇಕು, ರೈಲಿನಲ್ಲಿ ಒಳಹೋಗುವಾಗಲೂ ಹೊರಬರುವಾಗಲೂ. ಒಂದೇ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುವಂತಿಲ್ಲ. ಒಂದು ದಿನಕ್ಕೆ ಇಂತಿಷ್ಟೇ ಎಂಬ ಮಿತಿ ಇರುವುದರಿಂದ, ಅದನ್ನು ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ಹೆಚ್ಚು ಹಣ ಹೋಗುವುದಿಲ್ಲ. ನಮ್ಮ ಬ್ಯಾಂಕಿನ ಕಾರ್ಡಿಗೆ ವಿದೇಶಿ ವಿನಿಮಯದ ಶುಲ್ಕ ಎಷ್ಟೆಂದು ಹೊರಡುವ ಮುಂಚೆ ಕೇಳಿಕೊಳ್ಳಿ. ಫೋನನ್ನು ರಸ್ತೆಬದಿಯಲ್ಲಿ ಕೈಚಾಚಿ ಹಿಡಿದು ನಿಲ್ಲಬೇಡಿ. ಕಿತ್ತುಕೊಂಡು ಓಡುವವರು ಅಲ್ಲೂ ಇದ್ದಾರೆ.

ದಿನಕ್ಕೊಂದು ಮೊಹಲ್ಲಾ

ಇಲ್ಲಿಂದ ಮುಂದೆ ಸಡಿಲ ಬಿಡಬೇಕಾದ ಭಾಗ. ನಾವು ದಿನಕ್ಕೊಂದು ಮೊಹಲ್ಲಾ ಎಂದು ನಿಯಮ ಮಾಡಿಕೊಂಡೆವು. ಒಂದು ದಿನ ಒಂದು ಕಡೆ, ಸುಸ್ತಾದರೆ ಉದ್ಯಾನದಲ್ಲಿ ಕುಳಿತು ಬುತ್ತಿ ಬಿಚ್ಚುವುದು. ನಲ್ಲಿಯ ನೀರು ಕುಡಿಯಲು ಯೋಗ್ಯ, ಬಾಟಲಿ ಇದ್ದರೆ ಸಾಕು. ನಮ್ಮ ವಯಸ್ಸಿನವರಿಗೆ ಇನ್ನೊಂದು ಮುಖ್ಯ ವಿಷಯ: ದೊಡ್ಡ ರೈಲು ನಿಲ್ದಾಣಗಳ ಶೌಚಾಲಯಗಳು 2019ರಿಂದ ಉಚಿತ.

ಉಚಿತವೆಂದರೆ ನೆನಪಾಯಿತು. ಬ್ರಿಟಿಷ್ ಮ್ಯೂಸಿಯಂ, ವಿಜ್ಞಾನ ಸಂಗ್ರಹಾಲಯ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮುಂತಾದ ರಾಷ್ಟ್ರೀಯ ಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ ಪ್ರವೇಶ ಶುಲ್ಕವಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಟಿಪ್ಪುವಿನ ಮರದ ಹುಲಿ ಇದೆ, 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋದದ್ದು. ಹುಲಿಯ ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯ. ಗಾಜಿನಾಚೆ ನಿಂತ ಇಂಗ್ಲಿಷ್ ಮಕ್ಕಳು ಅದನ್ನು ಕಂಡು ನಗುತ್ತಿದ್ದರು. ನಮಗೆ ಅಷ್ಟು ಸುಲಭವಾಗಿ ನಗು ಬರಲಿಲ್ಲ.

ಬ್ರಿಕ್ ಲೇನ್ ಬೀದಿಯ ಮೂಲೆಯಲ್ಲೊಂದು ಇಟ್ಟಿಗೆಯ ಕಟ್ಟಡ. ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು 1743ರಲ್ಲಿ ಕಟ್ಟಿದ ಚರ್ಚು ಅದು. ಆಮೇಲೆ ಮೆಥಡಿಸ್ಟರ ಪ್ರಾರ್ಥನಾಲಯವಾಯಿತು. 1898ರಲ್ಲಿ ಯಹೂದಿಗಳ ಸಿನಗಾಗ್ ಆಯಿತು. 1976ರಿಂದ ಬಂಗಾಳಿ ಮುಸ್ಲಿಮರ ಮಸೀದಿ. ಬಂದವರು ಬದಲಾದರು, ಗೋಡೆ ಅದೇ. ಗೋಡೆಯ ಎತ್ತರದಲ್ಲೊಂದು ಸೂರ್ಯಗಡಿಯಾರ, ಅದರ ಮೇಲೆ 1743 ಎಂಬ ಇಸವಿ. ಬಹು ಸಂಸ್ಕೃತಿಯ ನಗರ ಎಂದು ಎಲ್ಲೆಡೆ ಬರೆದದ್ದನ್ನು ಓದಿದ್ದೆ. ಆ ಮಾತಿಗೆ ಇದಕ್ಕಿಂತ ಸುಲಭದ ಪಾಠೋಪಕರಣ ನನಗೆ ಸಿಕ್ಕಿಲ್ಲ.

ರಾಯಲ್ ಇನ್‌ಸ್ಟಿಟ್ಯೂಷನ್ನಿನ ನೆಲಮಾಳಿಗೆಯಲ್ಲಿ ಫ್ಯಾರಡೆಯ ಉಂಗುರವಿದೆ. 1831ರ ಆಗಸ್ಟ್ 29ರಂದು ಆತ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಕೊಂಡದ್ದು ಅದರಿಂದಲೇ. ಅಂಗೈಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ಬಳೆ, ಬಟ್ಟೆ, ದಾರ, ತಂತಿ ಸುತ್ತಿದ್ದು. ನಮ್ಮ ಶಾಲೆಯ ಹುಡುಗರು ಮಾಡಿ ತರುವ ಮಾದರಿಗಿಂತ ಅಂದವೇನಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನ ಕೈ ಸುತ್ತಿದ ತಂತಿಯಿಂದ ಇಂದು ಜೋಗದಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಅಲ್ಲಿಗೂ ಟಿಕೇಟಿಲ್ಲ.

ಗ್ರೀನಿಚ್ಚಿಗೆ ಮಾತ್ರ ಟಿಕೇಟು ತೆಗೆದೆವು. ಥೇಮ್ಸ್ ನದಿಯ ತಳದಲ್ಲಿ 1902ರಲ್ಲಿ ತೆರೆದ ಕಾಲುದಾರಿಯ ಸುರಂಗದಲ್ಲಿ ನಡೆದು ಆಚೆ ದಡ ಸೇರಿ, ಗುಡ್ಡ ಹತ್ತಿದರೆ ವೀಕ್ಷಣಾಲಯ. ನೆಲದ ಮೇಲಿನ ರೇಖೆಯ ಎರಡೂ ಕಡೆ ಕಾಲಿಟ್ಟು ಎಲ್ಲರಂತೆ ನಾವೂ ಚಿತ್ರ ತೆಗೆಸಿಕೊಂಡೆವು. ಆಮೇಲೆ ಫೋನಿನ ಜಿಪಿಎಸ್ ನೋಡಿದರೆ ಸೊನ್ನೆ ಬರಲೇ ಇಲ್ಲ! ಈಗಿನ ಸೊನ್ನೆ ರೇಖಾಂಶ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕೆ, ಉದ್ಯಾನದೊಳಗೆ ಹಾದುಹೋಗುತ್ತದೆ. ಹಳೆಯ ರೇಖೆಯನ್ನು ಆ ಜಾಗದ ಗುರುತ್ವಕ್ಕೆ ತಕ್ಕಂತೆ, ಮೇಸ್ತ್ರಿ ತೂಗುಗುಂಡು ಇಳಿಬಿಟ್ಟ ಹಾಗೆ, ನಿಗದಿ ಮಾಡಿದ್ದರು. ಉಪಗ್ರಹದ ಲೆಕ್ಕ ಭೂಮಿಯ ಕೇಂದ್ರದಿಂದ ಶುರುವಾಗುತ್ತದೆ. ಎರಡೂ ಸರಿಯೇ. ಮಧ್ಯಾಹ್ನದ ಸೂರ್ಯ ದಿಗಂತದಿಂದ ಬರೀ 30 ಡಿಗ್ರಿ ಮೇಲಿದ್ದ. ನನ್ನ ನೆರಳು ನನಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಉದ್ದ ಬಿದ್ದಿತ್ತು. ಅದೇ ದಿನ ತಿಪಟೂರಿನಲ್ಲಿ ಸೂರ್ಯ 68 ಡಿಗ್ರಿಯ ಮೇಲೇರಿರುತ್ತಾನೆ. ಅಕ್ಷಾಂಶದ ಪಾಠವನ್ನು ಈಗ ನಾನು ಇಲ್ಲಿಂದಲೇ ಶುರುಮಾಡುತ್ತೇನೆ.

ನದಿಯ ದಂಡೆಯ ಗೋಡೆ

ಕೊನೆಯ ದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಸವಣ್ಣನವರ ಪ್ರತಿಮೆ ನೋಡಲು ಹೊರಟೆವು. ಕಲಬುರಗಿಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಲಿ ನಿಂತ ಪ್ರತಿಮೆ ಅದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನದಿಯ ದಂಡೆ ಹಿಡಿದು ಪಾರ್ಲಿಮೆಂಟಿನ ಎದುರು ದಡದಲ್ಲಿ ನಡೆಯುವಾಗ ಒಂದು ಉದ್ದನೆಯ ಗೋಡೆ ಎದುರಾಯಿತು. ಗೋಡೆಯ ತುಂಬ ಕೈಯಲ್ಲಿ ಬರೆದ ಕೆಂಪು ಹೃದಯಗಳು, ಸಾವಿರ ಸಾವಿರ. ಕೋವಿಡ್ಡಿನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚಿನಲ್ಲಿ, ತಮ್ಮವರನ್ನು ಕಳೆದುಕೊಂಡ ಮನೆಯವರು ಬರೆಯಲು ಶುರುಮಾಡಿದ್ದಂತೆ. ಒಳಗೆ ಹೆಸರುಗಳು: ಇಂಗ್ಲಿಷರವು, ಪಟೇಲರವು, ಸಿಂಗರವು, ಬೇಗಂಗಳವು. ಎಲ್ಲ ಒತ್ತೊತ್ತಾಗಿ, ಯಾವ ವರಸೆಯೂ ಇಲ್ಲದೆ.

ಈ ಗೋಡೆ ನಮ್ಮ ಪಟ್ಟಿಯಲ್ಲಿರಲಿಲ್ಲ. ನನ್ನ ಹೆಂಡತಿ ನಿಂತಳು. “ಅವರ ಹೆಸರೂ ಬರೆಯೋಣ್ವೇನ್ರೀ?” ಎಂದಳು. ಯಾರ ಹೆಸರೆಂದು ಕೇಳಬೇಕಾಗಿರಲಿಲ್ಲ. ಬೇಡ ಎಂದೆ. ಆ ಗೋಡೆ ಅವರದು, ಆ ಲೆಕ್ಕ ಅವರದು. ಚೀಲದಿಂದ ಪೆನ್ಸಿಲ್ ನಕ್ಷೆ ತೆಗೆದು, ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದ ಪಕ್ಕದಲ್ಲಿ ಅಂದಿನ ತಾರೀಕು ಬರೆದುಕೊಂಡೆ. ಹಿಂದಿನ ಹನ್ನೊಂದು ದಿನವೂ ಆಯಾ ನಿಲ್ದಾಣದ ಪಕ್ಕ ಹಾಗೆಯೇ ಬರೆದಿದ್ದೆ. ಊರಿಗೆ ಬಂದ ಮೇಲೆ ಅದನ್ನು ಅವರ ಮನೆಗೆ ಕೊಟ್ಟುಬಂದೆ.

ಸ್ವಲ್ಪ ದೂರ ನಡೆದರೆ ಲ್ಯಾಂಬೆತ್ ಸೇತುವೆಯ ಬಳಿ ಬಸವಣ್ಣ. ಅಲ್ಲಿನ ಬೆಂಚಿನ ಮೇಲೆ ಕುಳಿತು ಉಳಿದಿದ್ದ ಅವಲಕ್ಕಿ ತಿಂದೆವು.

ಏಳು ದೇಶ ಸುತ್ತುವವರನ್ನು ನಾನು ಹೀಗಳೆಯುವುದಿಲ್ಲ. ಆದರೆ ಬಸ್ಸಿನ ಕಿಟಕಿಯಿಂದ ಊರು ನೋಡಿದವರಿಗೆ ಈ ಗೋಡೆ ಸಿಗುವುದು ಕಷ್ಟ. ಹೋಗುವವರಿಗೆ ನನ್ನ ಸಲಹೆ ಚಿಕ್ಕದು. ಕಾಗದ ಪತ್ರ, ಔಷಧಿ, ವಿಮೆ, ಬಿಡಾರ ಇವನ್ನು ಮೂರು ತಿಂಗಳ ಮುಂಚೆಯೇ ಬಿಗಿಮಾಡಿ. ದಿನಗಳನ್ನು ಸಡಿಲ ಬಿಡಿ. ನಮ್ಮವರು ಸಿಗುವ ಮೊಹಲ್ಲಾದಲ್ಲಿ ಮಲಗಿ, ಆದರೆ ಹಗಲು ಅಲ್ಲೇ ಕೂರಬೇಡಿ. ಇನ್ನು ಜೊತೆಗೆ ಹೋಗಬೇಕೆಂದುಕೊಂಡ ಸ್ನೇಹಿತರಿದ್ದರೆ, ನಿವೃತ್ತಿಯ ಆದೇಶ ಕೈಗೆ ಬರಲಿ ಎಂದು ಕಾಯಬೇಡಿ. ಪಾಸ್‌ಪೋರ್ಟಿನ ಅರ್ಜಿಯನ್ನು ಈ ವಾರವೇ ತುಂಬಿ.